ಕಡೆಯ ಹತ್ತು ನಿಮಿಷ

ಪುಣೆಯ ತಂತ್ರಜ್ಞಾನ ಸಮ್ಮೇಳನಕ್ಕೆ ತಾವೊಬ್ಬರೇ ಹೋಗಿಬರುವುದಾಗಿ ವಿಜ್ಞಾನದ ಮಾಸ್ತರು ಹೇಳಿದಾಗ, ಬಾಗಲಕೋಟೆಯ ಆ ಶಾಲೆಯ ಕಂಪ್ಯೂಟರ್ ಟೀಚರಿಗೆ ನಗು ಬಂತು.

“ಈ ಭಾಷಣ ಎಲ್ಲಾ ಮುಂದಿನ ವಾರ ಯೂಟ್ಯೂಬ್‌ನ್ಯಾಗ ಪುಕ್ಕಟೆ ಬರ್ತಾವ್ರಿ ಸರ್. ಸುಮ್ನ ಯಾಕ ಖರ್ಚು?”

“ಯೂಟ್ಯೂಬ್‌ನ್ಯಾಗ ಪ್ರಶ್ನೆ ಕೇಳಾಕ ಬರಂಗಿಲ್ಲಲ್ರೀ.”

“ಪ್ರಶ್ನೆಗೆ ಕಡೀಕ ಹತ್ತು ನಿಮಿಷ ಅಷ್ಟ ಕೊಡ್ತಾರ. ಕೈ ಎತ್ತಿದ್ರ ಮೈಕ್ ತಂದು ಕೊಡ್ತಾರ.”

“ಅಷ್ಟ ಸಾಕ್ರಿ.”

ಟೀಚರು ರಿಯಾಯಿತಿ ದರದಲ್ಲಿ ಒಂದು ದಿನದ ಟಿಕೆಟ್ ತೆಗೆದುಕೊಟ್ಟರು. ಹೋಗಲು ಕೆಂಪು ಬಸ್ಸು, ತಂಗಲು ಮಠದ ಧರ್ಮಶಾಲೆ, ಊಟಕ್ಕೆ ಕಟ್ಟಿಕೊಂಡ ರೊಟ್ಟಿ, ಶೇಂಗಾ ಚಟ್ನಿ ಎಂದು ಮಾಸ್ತರೇ ಉಳಿದದ್ದನ್ನೆಲ್ಲ ಗೊತ್ತುಮಾಡಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಶ್ನೆಯನ್ನು ಮನಸ್ಸಿನಲ್ಲೇ ತಿದ್ದುತ್ತ ಕೂತರು.

ಸಮ್ಮೇಳನದಲ್ಲಿ ಮೂರನೆಯ ಭಾಷಣ ಮುಗಿಯುತ್ತಲೇ ಕೈ ಎತ್ತಿದರು. ಮೈಕ್ ಬಂತು. ವೇದಿಕೆಯ ಮೇಲೆ ಭಾಷಣ ಮುಗಿಸಿ ನಿಂತಿದ್ದ ಯುವತಿ ಅವರನ್ನು ಕಂಡು, ಬಾಯಿಗೆ ಒಯ್ದಿದ್ದ ನೀರಿನ ಬಾಟಲಿಯನ್ನು ಕೆಳಗಿಟ್ಟಳು.

“ಅವತ್ತ ನಿನ್ನ ಗಂಡನ್ನ ಹೊಸ್ತಿಲ ದಾಟಗೊಡಲಿಲ್ಲ. ತಪ್ಪಾತವ್ವಾ. ನಾಕ ವರ್ಷ ಆತು, ಫೋನ್ ಎತ್ತವಲ್ಲಿ. ಇಬ್ಬರೂ ಕೂಡಿ ಒಮ್ಮೆ ಮನಿಗಿ ಬರ್ತೀರೇನು?”

ಸಭೆಯಲ್ಲಿ ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ನಿರೂಪಕ ವೇದಿಕೆಯತ್ತ ತಿರುಗಿ, ಇದು ಯಾವ ಭಾಷೆ, ನಿಮಗೇನಾದರೂ ತಿಳಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಇಲ್ಲ,” ಎಂದಳು ಮಗಳು, ಇಂಗ್ಲಿಷಿನಲ್ಲೇ. “ಮುಂದಿನ ಪ್ರಶ್ನೆ.”