ಮುಂದಿನ ಮೊಪೆಡ್ಡು

ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಉಟ್ಕೂರಿನ ರಸ್ತೆ ಎದ್ದು ಬರುತ್ತದೆ.

ನಾರಾಯಣಪೇಟೆಯ ಬೈಕ್ ಕ್ಲಬ್ಬಿನವರು ಪ್ರತಿ ರವಿವಾರ ಸಂಜೆ ಹಳ್ಳಿಯ ರಸ್ತೆಗಳಲ್ಲಿ ಜೊತೆಯಾಗಿ ಸುತ್ತಿ ಬರುತ್ತಿದ್ದರು. ಒಂದು ಸಂಜೆ ಉಟ್ಕೂರಿನ ಕಡೆ ಅವರ ಜೊತೆ ಮೊದಲ ಸಲ ಅವ್ವನೂ ತನ್ನ ಮೊಪೆಡ್ ಏರಿ ಹೊರಟಳು. ಅವಳ ಸೀರೆಯ ಗಟ್ಟಿ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಾನು ಹಿಂದೆ ಕುಳಿತಿದ್ದೆ. ‘ದಿನ್ನಿ ಬಂದ್ರ ವಾಪಸ್ ಬರ್ತಿ, ಬಿಡು’ ಎಂದು ಅಪ್ಪ ನಕ್ಕಿದ್ದ.

ಅವ್ವ ಸಾಲಿನ ಕೊನೆಗೆ ಹೋಗಿ ನಿಂತಳು. ಕ್ಲಬ್ಬಿನ ಮುಂದಾಳು ಬಂದು, ‘ಅಕ್ಕಾರ, ಮುಂದ ಬರ್ರಿ’ ಎಂದ.

‘ಚಾಷ್ಟಿ ಮಾಡ್ತೀಯೇನಪಾ?’

‘ಇಲ್ರಿ. ಮೆಲ್ಲಕ ಹೋಗೋ ಗಾಡಿನೇ ಮುಂದಿರಬೇಕು, ನಮ್ಮ ಕಾಯ್ದಾ ಐತಿ. ನಿಮ್ಮನ್ನ ಯಾರೂ ದಾಟಂಗಿಲ್ಲ.’

ದಿನ್ನೆ ಬಂತು. ಇಬ್ಬರನ್ನೂ ಎಳೆಯಲಾರದೆ ಮೊಪೆಡ್ ಕೆಮ್ಮತೊಡಗಿತು. ಇಲ್ಲಿಂದ ಮರಳಿದರೆ ಅವ್ವ ಮತ್ತೆಂದೂ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

‘ಇಳಿದು ಓಡವಾ, ನಾ ನಿಲ್ಲಸಂಗಿಲ್ಲ!’

ಜಿಗಿದು ಪಕ್ಕದಲ್ಲೇ ಓಡಿದೆ. ಹಿಂದೆ ದೊಡ್ಡ ಗಾಡಿಗಳೆಲ್ಲ ಗುರುಗುಟ್ಟುತ್ತ ನನ್ನ ಓಟದ ವೇಗದಲ್ಲಿ ತೆವಳಿದವು. ಒಂದೂ ದಾಟಲಿಲ್ಲ. ನೂರು ಗಾಡಿಗಳಿದ್ದವು ಎನ್ನುತ್ತದೆ ನೆನಪು, ಹತ್ತೇ ಇದ್ದಿರಬಹುದು. ಆ ಸದ್ದು ಮಾತ್ರ ನನ್ನ ಬೆನ್ನುಮೂಳೆಗೆ ತಾಗಿತ್ತು, ಅದು ನಿಜ.

ದಿನ್ನೆಯ ತುದಿಯಲ್ಲಿ ಕುರಿಗಳನ್ನು ಬದಿಗೆ ತರುಬಿ ನಿಂತಿದ್ದ ಮುದುಕನೊಬ್ಬ ಬೆರಗಾಗಿ ಕೇಳಿದ: ‘ಯಾರ ದಂಡವ್ವಾ ಇದು?’

ಏರು ಮುಗಿದಿತ್ತು, ಅವ್ವ ಗಾಡಿ ನಿಲ್ಲಿಸಿದಳು. ಏದುಸಿರು ಬಿಡುತ್ತ ನಾನು ಮತ್ತೆ ಹಿಂದೆ ಹತ್ತಿದೆ. ಅವ್ವ ಒಮ್ಮೆ ತಿರುಗಿ ಇಡೀ ಸಾಲನ್ನು ನೋಡಿದಳು.

‘ನಂದು, ಮುತ್ಯಾ’ ಎಂದಳು.