ದನಿ ಒಡೆದ ಮೇಲೆ

ಇಪ್ಪತ್ತೈದು ತುಂಬಿದರೂ ಅವನಿಗೆ ಮೀಸೆ ಮೂಡಿರಲಿಲ್ಲ, ದನಿ ಒಡೆದಿರಲಿಲ್ಲ. ಬಾಯಿ ತೆರೆದರೆ ಸಾಕು, ಚಹಾದಂಗಡಿಯಲ್ಲಿ ಕೂತವರು ಹಲ್ಲು ಕಿಸಿಯುತ್ತಿದ್ದರು.

"ಏನವಾ ತಂಗಿ, ಸೀರಿ ಎಲ್ಲಿ ಮರತ ಬಂದಿ?"

ಆ ಹಲ್ಲುಗಳನ್ನೆಲ್ಲ ಉದುರಿಸಬೇಕು ಅನ್ನಿಸುತ್ತಿತ್ತು. ಆದರೆ ಬೈಯುವುದೂ ಅದೇ ದನಿಯಲ್ಲಿ ತಾನೇ? ಬಾಯಿ ಮುಚ್ಚಿಕೊಂಡು ಹೋಗುತ್ತಿದ್ದ.

ಅವನು ಅಳುಕಿಲ್ಲದೆ ಮಾತಾಡುತ್ತಿದ್ದದ್ದು ಓಣಿಯ ಕೊನೆಮನೆಯ ಕುರುಡಿ ಆಯಿಯ ಜೊತೆ ಮಾತ್ರ. ಸಂಜೆ ಹೋಗಿ ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದ. ಅವಳು ಒಮ್ಮೆಯೂ ಅವನ ದನಿಗೆ ನಕ್ಕವಳಲ್ಲ.

"ನಿನ್ನ ಬಿಟ್ರ ನನಗ ಯಾರದಾರ ಕೂಸ?" ಅನ್ನುತ್ತಿದ್ದಳು.

ಕಡೆಗೆ ಪಟ್ಟಣದ ಡಾಕ್ಟರ ಹತ್ತಿರ ಹೋದ.

"ಮೆದುಳಿನ ಬುಡದಾಗ ಬಟಾಣಿ ಕಾಳಿನಷ್ಟು ಗ್ರಂಥಿ ಇರ್ತೈತಿ. ನಿಂದು ಮಲಗಿಬಿಟ್ಟೈತಿ ನೋಡಪಾ. ಹಾರ್ಮೋನ್ ಇಂಜೆಕ್ಷನ್ ತಗೋ, ಗಂಡಸರ ದನಿ ಬರ್ತೈತಿ."

ಊರಿಗೆ ಬಂದು, ದುಡಿಯಲು ಪಟ್ಟಣಕ್ಕೆ ಹೋಗುತ್ತೇನೆ ಎಂದಷ್ಟೇ ಆಯಿಗೆ ಹೇಳಿದ. "ಲಗೂ ಬಾ ಕೂಸ," ಎಂದು ಅವಳು ಕಳಿಸಿಕೊಟ್ಟಳು. ಪಟ್ಟಣದಲ್ಲೇ ಹಮಾಲಿ ಮಾಡಿಕೊಂಡು ವರ್ಷವಿಡೀ ಚುಚ್ಚಿಸಿಕೊಂಡ. ದನಿ ಒಡೆಯಿತು, ಮೀಸೆಯೂ ಬಂತು.

ಊರಿಗೆ ತಿರುಗಿ ಬಂದಾಗ ಚಹಾದಂಗಡಿಯವರು "ಬರ್ರಿ ಅಣ್ಣಾರ" ಎಂದು ಬೆಂಚು ಬಿಟ್ಟುಕೊಟ್ಟರು. ಅವರ ಬೆಂಚಿಗಿಷ್ಟು ಬೆಂಕಿ ಹಾಕ! ಅವನು ಕೂರಲಿಲ್ಲ, ನೆಟ್ಟಗೆ ಆಯಿಯ ಮನೆಗೆ ಓಡಿದ. ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡು ಅವಳ ಬೆನ್ನ ಹಿಂದೆ ಕೂತು, ತುರುಬಿಗೆ ಕೈ ಹಾಕಿ, ಹೊಸ ದನಿಯಲ್ಲಿ ಕರೆದ.

"ಆಯೀ, ನಾ ಬಂದೇನಿ."

ಆಯಿ ಬೆಚ್ಚಿ, ಸೆರಗು ಎಳೆದುಕೊಂಡು ಗೋಡೆಗೆ ಸರಿದಳು.

"ಯಾವನಲೇ ನೀ, ಹೆಣ್ಮಕ್ಕಳ ತಲಿಗೆ ಕೈ ಹಾಕಾಂವ? ಹೊರಗ ನಡಿ! ಪಟ್ಟಣಕ್ಕ ಹೋದ ನನ್ನ ತಲಿ ಬಾಚೋ ಹುಡುಗಿ ತಿರುಗಿ ಬರೋ ಹೊತ್ತಾತು."