ತಾಹಿರನ ಮನೆಯ ಚಹಾ

ಎರಡನೆಯ ಕಪ್ಪಿಗೂ ಇಂಜಿನಿಯರು ಬೇಡವೆನ್ನಲಿಲ್ಲ. ಸೂರಿಲ್ಲದ ತನ್ನ ಹೊಸ ಮನೆಯ ಕಿಟಕಿಗಂಡಿಯಿಂದ ಅಂಬಾರಾಯ ಅದನ್ನು ಕಣ್ಣಾರೆ ಕಂಡ.

ಹತ್ತು ನಿಮಿಷದ ಹಿಂದೆ ಅದೇ ಇಂಜಿನಿಯರು, ಮನೆಸಾಲದ ಕಂಪನಿಯ ಸಿದ್ದಲಿಂಗೇಶ, ಇಲ್ಲಿದ್ದ. ಟೇಪು ಹಿಡಿದು ಗೋಡೆ ಅಳೆದಿದ್ದ. ಮೊಳೆಯಿಂದ ಸಿಮೆಂಟು ಕೆರೆದು ನೋಡಿದ್ದ. ಅಂಬಾರಾಯನ ಹೆಂಡತಿ ಗುರುಲಿಂಗಮ್ಮ ಮಜ್ಜಿಗೆ ತಂದರೆ ಕೈ ಮುಗಿದಿದ್ದ.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಫೈಲು ನಡದಿರೋ ಮನ್ಯಾಗ ನಾವು ನೀರೂ ಮುಟ್ಟಂಗಿಲ್ಲ. ಕಂಪನಿ ರೂಲು."

ಶಹಾಬಾದದ ಮೇ ಬಿಸಿಲು. ತನ್ನ ಬಾಟಲಿಯ ಕಾದ ನೀರನ್ನೇ ಕುಡಿದು ಹೊರಟಿದ್ದ. ಅವನ ಗಾಡಿಯ ಸೀಟು ಸುಡದಿರಲೆಂದು ಗುರುಲಿಂಗಮ್ಮ ಒದ್ದೆ ಗೋಣಿ ಹಾಸಿಟ್ಟಿದ್ದಳು. ಅದಕ್ಕೆ ಮಾತ್ರ ಅವನು ಬೇಡವೆನ್ನಲಿಲ್ಲ.

ಈಗ ಪಕ್ಕದ ತಾಹಿರನ ಅಂಗಳದಲ್ಲಿ, ಹೆಲ್ಮೆಟ್ಟು ತೆಗೆದಿಟ್ಟು, ಹೊರಸಿನ ಮೇಲೆ ಕೂತಿದ್ದಾನೆ. ತಾಹಿರನ ತಾಯಿ ಹಮೀದಾಬೇಗಂ ಅವನಿಗೆ ಬೀಸಣಿಗೆ ಬೀಸುತ್ತಿದ್ದಾಳೆ. ಟೇಪು ಚೀಲದಿಂದ ಹೊರಗೇ ಬಂದಿಲ್ಲ.

"ಅಳೀಲಾರ್ದೇ ಪಾಸ್ ಮಾಡ್ಲಿಕತ್ತಾನ ನೋಡು," ಎಂದ ಅಂಬಾರಾಯ.

"ನಮ್ಮ ಮಜ್ಜಿಗಿ ಹುಳಿ ಇತ್ತೇನೊ," ಗುರುಲಿಂಗಮ್ಮ ನಕ್ಕಳು.

"ನಿನಗ ನಗು ಬರ್ತದ."

ಅಂಬಾರಾಯ, ತಾಹಿರ್ ಇಬ್ಬರಿಗೂ ನೆಲಹಾಸಿನ ಫರಸಿ ಕಲ್ಲಿನ ಒಂದೇ ಪಾಲಿಶ್ ಶೆಡ್ಡಿನಲ್ಲಿ ಕೆಲಸ. ಒಂದೇ ದಿನ ಜಾಗ ಕೊಂಡವರು, ಒಂದೇ ದಿನ ಸಾಲಕ್ಕೆ ಅರ್ಜಿ ಕೊಟ್ಟವರು. ಆದರೂ ಎಲ್ಲದರಲ್ಲಿ ತಾಹಿರನೇ ಒಂದು ಹೆಜ್ಜೆ ಮುಂದೆ. ಮೇಸ್ತ್ರಿಗಿರಿ ಅವನಿಗೇ ಮೊದಲು ಸಿಕ್ಕಿತು. ಇನ್ನು ಸ್ಲ್ಯಾಬೂ ಅವನದೇ ಮೊದಲು ಬೀಳುವುದು. ಅಂಬಾರಾಯನಿಗೋ ಜೂನ್ ಮುಗಿಯುವುದರೊಳಗೆ ಬಾಡಿಗೆ ಮನೆ ಬಿಡಬೇಕು.

ಸಂಜೆ ತಾಹಿರ್ ತಾನಾಗಿ ಬಂದ.

"ದೋಸ್ತ, ಸ್ಲ್ಯಾಬಿಗಂತ ನಾ ಹೇಳಿಟ್ಟ ಸೆಂಟ್ರಿಂಗ್ ಪ್ಲೇಟು ನೀನೇ ತಗೋ. ನನಗೇನು ಗಡಬಡಿ ಇಲ್ಲ."

ಗೆದ್ದವನ ದೊಡ್ಡಸ್ತಿಕೆ, ಎಂದುಕೊಂಡ ಅಂಬಾರಾಯ.

"ಸಾಹೇಬ್ರ ಕೂಡ ಭಾಳ ನಗು ನಡದಿತ್ತಲ್ಲ?"

"ಅತ್ತು ಏನು ಮಾಡೋದು?" ತಾಹಿರ್ ನಕ್ಕ. "ಮನುಷ್ಯಾ ಛಲೋ ಅದಾನ."

ಆ ನಗು ಅಂಬಾರಾಯನ ಎದೆಯಲ್ಲಿ ಕಲ್ಲುಪುಡಿಯಂತೆ ಕೂತಿತು. ಮರುದಿನ ಬೆಳಿಗ್ಗೆ, ಸಾಲದ ಕಾಗದದ ಹಿಂದೆ ಅಚ್ಚಾಗಿದ್ದ ದೂರಿನ ನಂಬರಿಗೆ ಫೋನು ಮಾಡಿದ. ನಿಮ್ಮ ಇಂಜಿನಿಯರು ಗಿರಾಕಿಯ ಮನೆಯಲ್ಲಿ ಕೂತು ಚಹಾ ಕುಡಿಯುತ್ತಾನೆ, ಅಳೆಯದೆ ಪಾಸು ಮಾಡುತ್ತಾನೆ ಎಂದ. ತನ್ನ ಹೆಸರು ಹೇಳಲಿಲ್ಲ. ಅಂದು ಎರಡು ರೊಟ್ಟಿ ಹೆಚ್ಚೇ ಉಂಡ.

ಹದಿನೈದು ದಿನವಾದರೂ ಸ್ಲ್ಯಾಬಿಗೆ ಬರಬೇಕಿದ್ದ ಸಾಲದ ಕಂತು ಅವನಿಗೆ ಬರಲಿಲ್ಲ. ಬಸ್ಸು ಹತ್ತಿ ಸೇಡಂನ ಶಾಖೆಗೆ ಹೋದ. ಹಿರಿಯ ಗುಮಾಸ್ತ ಬಸವಂತರಾಯ ಇವನ ಬೆವರು ನೋಡಿ ಟೇಬಲ್ ಫ್ಯಾನನ್ನು ಇವನತ್ತ ತಿರುಗಿಸಿದ.

"ಸಿದ್ದಲಿಂಗೇಶಗ ಮನ್ಯಾಗ ಕೂಡ್ಸ್ಯಾರ್ರಿ. ಯಾರೋ ಕಂಪ್ಲೇಂಟ್ ಮಾಡ್ಯಾರ. ವಿಚಾರಣಿ ಮುಗಿಯೋತನಕ ಅಂವ ಪಾಸ್ ಮಾಡಿದ್ದೆಲ್ಲ ಬಂದ್. ದೀಪಾವಳಿನೂ ಆಗಬಹುದು."

ಅಂಬಾರಾಯ ಕುರ್ಚಿಯ ತುದಿಗೆ ಸರಿದ. "ಹಂಗಾದ್ರ ನಮ್ಮ ಬಾಜೂಕಿನ ತಾಹಿರಂದೂ ಬಂದ್?"

"ತಾಹಿರಂದಾ? ಪಾಯಾ ಸಾಲಂಗಿಲ್ಲಂತ ಅವನ ಅರ್ಜಿ ಕಂಪ್ಲೇಂಟಿಗಿಂತ ಮೊದಲೇ ವಾಪಸ್ ಆಗಿತ್ತು. ಚೀಟಿ ಕಳಿಸಿದ್ರ ಸಾಕಿತ್ತು. ಮಾರಿಗೆ ಮಾರಿ ಕೊಟ್ಟು ಹೇಳ್ತೀನಂತ ಸಿದ್ದಲಿಂಗೇಶ ತಾನೇ ಹೋಗಿದ್ದ. ಮುಚ್ಚಿದ ಫೈಲಿನ ಮನ್ಯಾಗ ಚಹಾಕ್ಕ ಯಾವ ರೂಲೂ ಅಡ್ಡಿಲ್ಲ."

ಅಂಬಾರಾಯ ಟೇಬಲ್ಲಿನ ಮೇಲೆ ಬಾಗಿದ. "ಮತ್ತ ಅಂವ ಪಾಸ್ ಮಾಡಿದ್ದು ಯಾರ್ಯಾರದು?"

ಬಸವಂತರಾಯ ಕನ್ನಡಕ ಏರಿಸಿ, ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ.

"ಪಾಸ್ ಆಗಿ ಈಗ ಬಂದ್ ಬಿದ್ದಿದ್ದು ಒಂದೇರಿ. ನಿಮ್ಮದು."